ಶನಿ ಮೇಷ್ಟ್ರು ಮನೆಗೆ ಬಂದಾಗ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸುವವರು ಹುಟ್ಟುವುದಿಲ್ಲ ಎಂದವರು ನಮ್ಮ ದೊಡ್ಡಪ್ಪ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ದಿಲ್ಲಿಗೆ ಬಂದು, ಕರೋಲ್ ಬಾಗ್‌ನ ಹೋಟೆಲೊಂದರಲ್ಲಿ ಲೋಟ ತೊಳೆದು, ದೋಸೆ ಕಾವಲಿಯ ಮುಂದೆ ನಿಂತು, ಆಮೇಲೆ ತಮ್ಮನನ್ನು, ಅಂದರೆ ನನ್ನ ಅಪ್ಪನನ್ನು, ಅದೇ ಅಡುಗೆಮನೆಗೆ ಕರೆತಂದವರು. ತಾವು ಕಂಡದ್ದನ್ನೇ ಹೇಳಿದ್ದರು.

ಕಳೆದ ಶನಿವಾರ ಕಾಲೇಜಿನ ಆಫೀಸಿನಿಂದ ಡಿಗ್ರಿ ಸರ್ಟಿಫಿಕೇಟು ತೆಗೆದುಕೊಂಡು ರೋಹಿಣಿ ಬಡಾವಣೆಯ ನಮ್ಮ ಮನೆಗೆ ಬರುತ್ತಿದ್ದೆ. ಪಾಸಾಗಿ ವರ್ಷದ ಮೇಲಾಗಿತ್ತು. ಕಾಗದ ಕೈಗೆ ಬಂದದ್ದು ಈಗ. ಸಿಗ್ನಲ್‌ನಲ್ಲಿ ಆಟೋ ನಿಂತಾಗ ಒಬ್ಬಾತ ಬಕೆಟ್ ಹಿಡಿದು ಕಾಣಿಕೆ ಕೇಳುತ್ತ ಹತ್ತಿರ ಬಂದ. ಬಕೆಟ್‌ನಲ್ಲಿ ಸಾಸಿವೆ ಎಣ್ಣೆ, ಅದರಲ್ಲಿ ಅರ್ಧ ಮುಳುಗಿದ ಕಬ್ಬಿಣದ ಶನಿದೇವರು, ಕೊರಳಿಗೆ ಬಾಡಿದ ಚೆಂಡು ಹೂವಿನ ಸರ. ದಿಲ್ಲಿಯಲ್ಲಿ ಇದು ಪ್ರತಿ ಶನಿವಾರದ ನೋಟ. ಆದರೆ ಆ ಎಣ್ಣೆಯ ಘಾಟು ಮೂಗಿಗೆ ತಾಗಿದ್ದೇ, ಮಡಿಲಲ್ಲಿದ್ದ ಕವರನ್ನು ಎದೆಗೆ ಒತ್ತಿಕೊಂಡೆ. ಮೇಲಿನ ಮನೆಯ ಅಜ್ಜಿ ನೆನಪಾದರು…

ರೋಹಿಣಿಯಲ್ಲಿ ಆಗ ಮೆಟ್ರೋದ ಕಂಬಗಳು ಏಳುತ್ತಿದ್ದವು. ನಾವು ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದೆವು, ಮೇಲಿನದು ಅಜ್ಜಿಯದು. ಮೈಸೂರಿನವರು. ಗಂಡ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದು ತೀರಿಕೊಂಡಿದ್ದರು. ಒಬ್ಬನೇ ಮಗ, ಅವನೂ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಿದ್ದು ಹೋದ. ಇಷ್ಟಾದರೂ ಅಯ್ಯೋ ಪಾಪ ಎನಿಸಿಕೊಳ್ಳುವುದು ಅವರಿಗೆ ಆಗುತ್ತಿರಲಿಲ್ಲ. ಬೆಳಗಿನ ಜಾವ ಅವರ ಪೂಜೆಯ ಗಂಟೆ ಕೇಳಿಸಿದ ಮೇಲೆ ನಮ್ಮ ಮನೆಯಲ್ಲಿ ಅಮ್ಮ ಏಳುತ್ತಿದ್ದಳು. ಪೂಜೆ ಮುಗಿಸಿ ಕೆಳಗಿಳಿದವರೇ ತರಕಾರಿ ಗಾಡಿಯ ಭಯ್ಯಾನೊಂದಿಗೆ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಜಗಳ ತೆಗೆಯುತ್ತಿದ್ದರು. ಅವನಿಗೆ ಪೂರ್ತಿ ಅರ್ಥವಾಗುತ್ತಿತ್ತು.

ನಾನು ಹನ್ನೆರಡನೇ ತರಗತಿ ಪಾಸಾದ ಬೇಸಿಗೆಯಲ್ಲೇ ಅಪ್ಪನ ಬಲಗೈ ಸುಟ್ಟಿತು. ವಡೆ ಕರಿಯುವಾಗ ಬಾಣಲೆ ಜಾರಿತ್ತು. ಗಾಯ ಮಾಯಿತು, ಬೆರಳುಗಳು ಮಾತ್ರ ಮಡಿಚಿಕೊಂಡೇ ಉಳಿದವು. ದೋಸೆ ಹುಯ್ಯುವ ಕೈ ಅದು. ಪೂರ್ತಿ ವಾಸಿಯಾದ ಮೇಲೆ ಬಾ ಎಂದು ಹೋಟೆಲಿನವರು ಕಳಿಸಿಬಿಟ್ಟರು. ಅಮ್ಮ ಇಡ್ಲಿ ಹಿಟ್ಟು ರುಬ್ಬಿ ಸೆಕ್ಟರಿನ ಕನ್ನಡದವರ ಮನೆಗಳಿಗೆ ಕೊಡತೊಡಗಿದಳು. ಅಪ್ಪ ಗೋಡೆ ನೋಡುತ್ತ ಕೂತರು.

ಅಷ್ಟರಲ್ಲಿ ಕರೋಲ್ ಬಾಗ್‌ನ ಫುಟ್‌ಪಾತಿನಲ್ಲಿ ಕೂರುವ ಪಂಡಿತನೊಬ್ಬ ಅಪ್ಪನ ರಾಶಿ ಕೇಳಿ, ಸಾಡೇಸಾತಿ ಶುರುವಾಗಿದೆ, ಏಳೂವರೆ ವರ್ಷ ಶನಿಯ ಕಾಟ, ಅಲ್ಲಿಯವರೆಗೆ ಮನೆಯಲ್ಲಿ ಹೊಸದೇನನ್ನೂ ಶುರುಮಾಡಬೇಡಿ ಎಂದುಬಿಟ್ಟ. ಅಪ್ಪ ಅದನ್ನೇ ಹಿಡಿದುಕೊಂಡರು. ಮಗಳು ಕಾಲೇಜು ಸೇರುವುದು ಹೊಸದಲ್ಲದೆ ಇನ್ನೇನು? ದೊಡ್ಡಪ್ಪ ಬಂದು ಅದಕ್ಕೆ ಮುದ್ರೆ ಒತ್ತಿದರು.

“ನಮ್ಮ ಹಣೆಯಲ್ಲಿ ಬರೆದದ್ದು ಒಲೆ ಮಾರಾಯ. ಡಿಗ್ರಿಯೆಲ್ಲ ನಮ್ಮ ಕರ್ಮಕ್ಕೆ ಸಿಕ್ಕುವಂಥದ್ದಲ್ಲ.”

ಕಾಲೇಜಿನ ಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತು. ಸೇರಲು ಸೋಮವಾರವೇ ಕೊನೆಯ ದಿನ. ಅತ್ತು ರಂಪ ಮಾಡುವುದು ನನಗೆ ಬರುವುದಿಲ್ಲ. ಮೆಟ್ಟಿಲು ಹತ್ತಿ ಹೋಗಿ ಅಜ್ಜಿಗೆ ಎಲ್ಲ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಹೂಂ ಎಂದರು, ಅಷ್ಟೇ.

ಆ ಶನಿವಾರ ಸಂಜೆ ಅಪ್ಪ ಎಣ್ಣೆ ಸೀಸೆ ಹಿಡಿದು ಹೊರಟಾಗ ಅಜ್ಜಿ ಗೇಟಿನ ಹತ್ತಿರ ತಡೆದರು. ಎಲ್ಲಿಗೆ ಎಂದು ಕೇಳಿದರು. ಶನಿದೇವರಿಗೆ ಎಣ್ಣೆ ಸುರಿಯಲು ಎಂದರು ಅಪ್ಪ.

“ಅಚ್ಛಾ. ಮಗಳ ಕಾಲೇಜನ್ನೂ ಅದೇ ಬಕೆಟ್‌ಗೆ ಸುರೀತೀಯೇನಪ್ಪ?”

ಶನಿ ಕಳೆಯಲಿ, ಆಮೇಲೆ ನೋಡೋಣ ಎಂದು ಅಪ್ಪ ಗೊಣಗಿದರು.

“ಶನಿ ಅಂದ್ರೆ ಮೇಷ್ಟ್ರು ಕಣಪ್ಪ. ಮೇಷ್ಟ್ರು ಮನೆಗೆ ಬಂದಾಗ ಯಾರಾದ್ರೂ ಮಗೂನ ಶಾಲೆ ಬಿಡಿಸ್ತಾರಾ? ದುಡಿಯೋರನ್ನ ಕಂಡ್ರೆ ಅವನಿಗೆ ಇಷ್ಟ, ಕೈಕಟ್ಟಿ ಕೂತೋರನ್ನ ಕಂಡ್ರೆ ಸಿಟ್ಟು. ಹಿಂದೆ ಮಾಡಿದ್ದು ನಿನ್ನ ಕೈಲಿಲ್ಲ, ಒಪ್ಪಿದೆ. ಇವತ್ತು ಮಾಡೋದಿದೆಯಲ್ಲ, ಅದೂ ಕರ್ಮವೇ.”

ಅಲ್ಲೇ ನಿಂತು ಒಂದು ವ್ರತ ಹಿಡಿಸಿದರು. ಪ್ರತಿ ಶನಿವಾರ ಸಂಜೆ ಅಪ್ಪ ಮೇಲೆ ಬಂದು ಅಜ್ಜಿಯ ದೇವರ ಮುಂದೆ ಆ ಎಣ್ಣೆಯಿಂದ ದೀಪ ಹಚ್ಚಬೇಕು. ಅದು ಆರುವ ತನಕ ನಾನು ಕೂತು ಜೋರಾಗಿ ಓದಬೇಕು, ಕಾಲೇಜಿನ ಪುಸ್ತಕವನ್ನೇ. ಡಿಗ್ರಿ ಮುಗಿಯುವವರೆಗೆ ಬಿಡುವಂತಿಲ್ಲ. ದೀಪದ ಬತ್ತಿಯನ್ನು ಅಪ್ಪನೇ ಹೊಸೆಯಬೇಕು, ಅದೂ ಬಲಗೈಯಲ್ಲಿ. ದೇವರ ಕೆಲಸಕ್ಕೆ ಎಡಗೈ ಆಗದು. ಅಪ್ಪ ತಮ್ಮ ಕೈಯನ್ನು ನೋಡಿಕೊಂಡರು. ದೇವರ ಮಾತಾದ್ದರಿಂದ ಇಲ್ಲ ಎನ್ನಲಿಲ್ಲ. ಸೋಮವಾರ ನನ್ನ ಜೊತೆ ಬಸ್ಸು ಹತ್ತಿದರು.

ಮೊದಮೊದಲ ಬತ್ತಿಗಳು ಗಜ್ಜರಿಯಷ್ಟು ದಪ್ಪ. ಹತ್ತಿ ಬೆರಳಿಗೆ ಸಿಗದೆ ಉದುರುತ್ತಿತ್ತು, ಅಪ್ಪ ಹಲ್ಲು ಕಚ್ಚಿ ಮತ್ತೆ ಎತ್ತಿಕೊಳ್ಳುತ್ತಿದ್ದರು. ಗಜಲಕ್ಷ್ಮಿಯ ಆನೆಗೆ ಸೊಂಡಿಲು ಮಾಡಿ ತಂದೆಯೇನಪ್ಪ ಎಂದು ಅಜ್ಜಿ ಕೆಣಕುತ್ತಿದ್ದರು. ಕೆಣಕಿ, ಅದನ್ನೇ ಕಣ್ಣಿಗೊತ್ತಿಕೊಂಡು ಹಣತೆಗೆ ಇಡುತ್ತಿದ್ದರು. ವಾರವಿಡೀ ಹತ್ತಿ ಹಿಡಿದು ಅಭ್ಯಾಸ ಮಾಡುವುದು ಅಪ್ಪನಿಗೆ ಹಟವಾಯಿತು. ಗೋಡೆ ನೋಡುವುದು ತಾನಾಗಿ ನಿಂತಿತು. ಬತ್ತಿ ತೆಳುವಾಗುತ್ತ ಬಂದ ಹಾಗೆ ಬೆರಳುಗಳೂ ಬಿಡಿಸಿಕೊಂಡವು. ಹೋಟೆಲಿಗೆ ಮರಳಿದರು, ಮೊದಲು ಚಟ್ನಿ ರುಬ್ಬುವುದಕ್ಕೆ, ಆಮೇಲೆ ಕಾವಲಿಗೆ. ಅಜ್ಜಿ ತಿಳಿದೇ ಬಲಗೈ ಎಂದಿದ್ದರೋ ಏನೋ… ಕೇಳಿದರೆ ದೇವರ ಫೋಟೋ ಕಡೆ ಕೈ ತೋರಿಸುತ್ತಿದ್ದರು.

ನನ್ನ ಓದು ಕಾಮರ್ಸು. ಕರೆಂಟು ಹೋದರೂ ದೀಪವಿರುತ್ತಿತ್ತಲ್ಲ, ಓದಲೇಬೇಕು. ನಾನು ಸವಕಳಿಯ ಲೆಕ್ಕವನ್ನು ಇಂಗ್ಲಿಷಿನಲ್ಲಿ ಒದರುತ್ತಿದ್ದರೆ ಅಜ್ಜಿ ಕೈಮುಗಿದು ಕೇಳುತ್ತಿದ್ದರು. ಪರೀಕ್ಷೆ ಹತ್ತಿರವಾದಾಗ ಹಣತೆ ತುಸು ದೊಡ್ಡದಾಗುತ್ತಿತ್ತು. ಕೊನೆಗೆ ದೇವರಿಗೆ ಎತ್ತಿದ ಮಂಗಳಾರತಿಯನ್ನು ನನ್ನ ಪುಸ್ತಕಕ್ಕೂ ತೋರಿಸಿ ಕಲ್ಲುಸಕ್ಕರೆ ಕೊಡುತ್ತಿದ್ದರು.

ಒಮ್ಮೆ ನೇರವಾಗಿಯೇ ಕೇಳಿದೆ. ಇಷ್ಟು ಪೂಜೆ ಮಾಡುತ್ತೀರಿ, ನಿಮಗೇ ಯಾಕೆ ಹೀಗಾಯಿತು ಎಂದು. ಅವರು ಮಗನ ಫೋಟೋ ಒರೆಸುತ್ತಿದ್ದರು.

“ದೇವರು ನನ್ನ ಕಷ್ಟ ತೆಗೀಲಿಲ್ಲ ಮಗು. ಮಗ ಹೋಗಿ ಸೂತಕ ಕಳೆದ ಬೆಳಿಗ್ಗೆ ಎದ್ದು ಮಾಡೋಕೆ ಒಂದು ಕೆಲಸ ಕೊಟ್ಟ. ದೀಪ ಹಚ್ಚಬೇಕಿತ್ತಲ್ಲ, ಎದ್ದೆ.”

ಭಕ್ತಿ ಎಂದರೆ ಏನೆಂದು ನನ್ನನ್ನು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಇಂದಿಗೂ ಇದೇ. ಇದಕ್ಕಿಂತ ದೊಡ್ಡದು ನನಗೆ ಬೇಕಾಗಿಲ್ಲ.

ಕೊನೆಯ ವರ್ಷದ ಚಳಿಗಾಲದಲ್ಲಿ ಅಜ್ಜಿ ಹೋದರು. ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಗಂಟೆ ಕೇಳಿಸದೆ ಅಮ್ಮ ಗಾಬರಿಯಾಗಿ ಹತ್ತಿ ಹೋದಳು. ಮೈಸೂರಿನಿಂದ ಬಂದ ಅವರ ತಂಗಿ ಕ್ರಿಯೆಗಳನ್ನು ಮುಗಿಸಿ, ದೇವರ ಪೆಟ್ಟಿಗೆಯನ್ನು ತೆಗೆದುಕೊಂಡು, ಮನೆಗೆ ಬೀಗ ಹಾಕಿದರು. ಪರೀಕ್ಷೆ ಮುಂದಿತ್ತು. ದೀಪದ ಮನೆಯೇ ಮುಚ್ಚಿತು, ಕಾಟ ಇನ್ನೂ ಕಳೆದಿಲ್ಲ ಎಂದರು ದೊಡ್ಡಪ್ಪ. ನನಗೂ ಪುಸ್ತಕ ತೆರೆಯುವ ಮನಸ್ಸಿರಲಿಲ್ಲ. ಆ ಶನಿವಾರ ಅಪ್ಪ ಹೋಟೆಲಿನಿಂದ ಬೇಗ ಬಂದರು. ಕಾಲು ತೊಳೆದು, ಅಡುಗೆಮನೆಯ ಕಟ್ಟೆಯ ಮೇಲೆ ಹಣತೆ ಇಟ್ಟು, ದಾರದಷ್ಟು ತೆಳುವಾದ ಬತ್ತಿ ಹಾಕಿ ಹಚ್ಚಿದರು. ನನ್ನ ಕಡೆ ತಿರುಗಿ, ಓದು ಎಂದರು. ಓದಿದೆ. ಪಾಸಾದೆ, ಒಳ್ಳೆಯ ಅಂಕಗಳಲ್ಲೇ.

ಕಳೆದ ಶನಿವಾರ ಮನೆ ಮುಟ್ಟಿದಾಗ ದೊಡ್ಡಪ್ಪನೂ ಬಂದು ಕೂತಿದ್ದರು. ಸರ್ಟಿಫಿಕೇಟನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಪಂಚೆಗೆ ಕೈ ಒರೆಸಿಕೊಂಡು ತೆಗೆದುಕೊಂಡರು, ಬಲಗೈಯಲ್ಲಿ. ಬಹಳ ಹೊತ್ತು ನೋಡಿ ಅಣ್ಣನಿಗೆ ದಾಟಿಸಿದರು. ದೊಡ್ಡಪ್ಪ ಅದನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ಮೊದಲು ನನ್ನ ಹೆಸರು, ಕೆಳಗೆ ಅಪ್ಪನ ಹೆಸರು. ಓದಿ ಮುಗಿದ ಮೇಲೂ ದೊಡ್ಡಪ್ಪ ಕಾಗದವನ್ನು ಕೈಯಿಂದ ಬಿಡಲಿಲ್ಲ.

“ಮೇಲೆ ಹೋಗಿ ಅಜ್ಜಿಗೆ ಹೇಳಿ ಬಾ ಮಗಳೇ. ಈಗ ಬೇರೆಯವರು ಇದ್ದಾರೆ ಅಂತ ನಂಗೂ ಗೊತ್ತುಂಟು. ಬಾಗಿಲ ಹೊರಗೆ ನಿಂತು ಹೇಳು, ಸಾಕು. ನಾನು ಹೇಳಿದ್ದು ತಪ್ಪಾಯ್ತು ಅಂತ, ಅದನ್ನೂ ಹೇಳು.”