ಚೆನ್ನಾಗಿದ್ದೀವಿ ಎಂದವರ ಮೇಲ್ಮನವಿ

ಆರ್ಡಿತ್ ಝೆಲ್ಲರ್ ಹೇಡಿ. ಯಾರಾದರೂ ಅವಳ ಕಾಲು ತುಳಿದರೆ ಕ್ಷಮೆ ಕೇಳುತ್ತಿದ್ದವಳು ಅವಳೇ. ಶಾಲೆಯ ಅಡುಗೆಮನೆಯಲ್ಲಿ ಜೀವಮಾನವಿಡೀ ದುಡಿದಳು. ಆಲೂಗಡ್ಡೆ ತಣ್ಣಗಿದೆ ಎಂದು ದೂರು ಬಂದರೆ ಒಲೆ ಕೆಟ್ಟಿದೆ ಎನ್ನುತ್ತಿರಲಿಲ್ಲ, ತಪ್ಪು ತನ್ನದೇ ಎನ್ನುತ್ತಿದ್ದಳು. ಊರಿನವರು ಇದನ್ನು ಒಳ್ಳೆಯತನ ಎಂದು ಕರೆದರು. ಹೇಡಿತನಕ್ಕೆ ಜನ ಇಟ್ಟುಕೊಳ್ಳುವ ಹೆಸರುಗಳಲ್ಲಿ ಅದೂ ಒಂದು.

ವಾಯವ್ಯ ಒಹಾಯೋದ ನಮ್ಮ ಕಡೆ ಕಷ್ಟ ಹೇಳಿಕೊಳ್ಳುವುದು ಅಸಭ್ಯ. ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೀವಿ ಎನ್ನಬೇಕು. ಸುಂಟರಗಾಳಿ ಸೂರು ಹಾರಿಸಿಕೊಂಡು ಹೋದ ಮರುದಿನವೂ ಅಷ್ಟೇ. ಆರ್ಡಿತಳ ಗಂಡ ಮರ್ಲ್ ಪಾರ್ಶ್ವವಾಯು ಬಡಿದು ಆರೈಕೆ ಕೇಂದ್ರ ಸೇರಿದ. ಅಲ್ಲಿಯೂ ಇಬ್ಬರೂ ಈ ಪದ್ಧತಿ ಬಿಡಲಿಲ್ಲ. ವ್ಯಾಯಾಮ ಮಾಡಿಸುವ ಟ್ಯಾಮಿ ದಿನಾ ಬೆಳಿಗ್ಗೆ, "ರಾತ್ರಿ ಹೇಗಿತ್ತು?" ಎಂದು ಕೇಳುತ್ತಿದ್ದಳು. ಮರ್ಲ್ ಸೊಟ್ಟಗಾದ ಬಾಯಲ್ಲೇ, "ಫಸ್ಟ್ ಕ್ಲಾಸ್," ಎನ್ನುತ್ತಿದ್ದ. ಆರ್ಡಿತ್ ನಗುತ್ತ ತಲೆಯಾಡಿಸುತ್ತಿದ್ದಳು. ಟ್ಯಾಮಿ ಬರೆದುಕೊಳ್ಳುತ್ತಿದ್ದಳು.

ಒಂದು ಬುಧವಾರ ವಿಮೆ ಕಂಪನಿಯ ನೋಟಿಸು ಬಂತು. ರೋಗಿಗೆ ತೊಂದರೆಯೇನೂ ಇಲ್ಲ, ಮನೆಯಲ್ಲೇ ಚೇತರಿಸಿಕೊಳ್ಳಬಹುದು; ಶುಕ್ರವಾರದಿಂದ ಕೇಂದ್ರದ ಖರ್ಚು ಕೊಡುವುದಿಲ್ಲ. ಝೆಲ್ಲರ್ ಮನೆಯಲ್ಲಿ ಮಲಗುವ ಕೋಣೆ, ಬಚ್ಚಲು ಎರಡೂ ಮಹಡಿಯ ಮೇಲೆ. ಮರ್ಲ್ ಭಾರೀ ಆಳು. ಅವನು ಬಿದ್ದರೆ ಎತ್ತಿ ಕೂರಿಸುವುದು ಆರ್ಡಿತಳಿಂದ ಆಗುವ ಕೆಲಸವಲ್ಲ. ಆದರೂ ಅವಳು ಕೇಂದ್ರದ ಕೋಣೆಯಲ್ಲಿ ಅವನ ಬಟ್ಟೆ ಮಡಚಿ ಚೀಲಕ್ಕೆ ತುಂಬತೊಡಗಿದಳು.

ಅಷ್ಟರಲ್ಲಿ ಮರ್ಲ್‌ನ ಅಕ್ಕ ಫರ್ನ್ ಬಂದಳು.

"ಏನೇ ಇದು, ಪಿಕ್‌ನಿಕ್ಕಿಗೆ ಹೊರಟ್ಯಾ?"

"ಖರ್ಚು ಕೊಡಲ್ಲ ಅಂದ್ರಲ್ಲ ಫರ್ನ್. ತಿಳಿದವರು ಹೇಳಿದ ಮೇಲೆ..."

"ಇವನ ಮುಖಾನೇ ನೋಡದೋರು ಅದೇನು ತಿಳಿದವರೇ? ಮೇಲ್ಮನವಿ ಹಾಕೋ ಹಕ್ಕಿದೆ ಅಂತ ಈ ನೋಟಿಸಲ್ಲೇ ಅಚ್ಚು ಹಾಕಿದಾರೆ, ಕನ್ನಡಕ ಹಾಕ್ಕೊಂಡು ಓದು. ನಾಳೆ ಮಧ್ಯಾಹ್ನದೊಳಗೆ ಫೋನ್ ಮಾಡ್ಬೇಕು. ಕಂಪನಿಗಲ್ಲ, ಇಂಥ ಮನವಿ ನೋಡೋ ಬೇರೆ ಕಚೇರಿಯವರಿಗೆ. ಅವರು ವಿಚಾರಿಸಿ ತೀರ್ಮಾನ ಹೇಳ್ತಾರೆ."

"ಪಾಪ, ಅವರಿಗೂ ಸುಮ್ನೆ ತೊಂದರೆ."

"ನಿನ್ನ ಗಂಡ ಮೆಟ್ಟಿಲಿಂದ ಉರುಳಿದ್ರೆ ಯಾರಿಗೆ ತೊಂದರೆ? ಮೆಟ್ಟಿಲಿಗಾ?"

ಟ್ಯಾಮಿ ಒಳಗೆ ಬಂದಳು. ಫರ್ನ್ ಅವಳ ಕಡೆ ತಿರುಗಿದಳು. "ತೊಂದರೆ ಇಲ್ಲ ಅಂತ ಬರೆದವಳು ನೀನೇ ಏನಮ್ಮ?"

"ಇವರು ಹೇಳಿದ್ದನ್ನ ಬರೆದೆ. ಮಿಸೆಸ್ ಝೆಲ್ಲರ್, ನಾನು ದಿನಾ ಕೇಳಿದೀನಿ. ನೀವು ದಿನಾ ಚೆನ್ನಾಗಿದ್ದೀವಿ ಅಂದ್ರಿ. ಕಂಪನಿಯೋರು ಅದನ್ನೇ ಹಿಡ್ಕೊಂಡಿದಾರೆ."

"ಮತ್ತೇನು ಹೇಳ್ಬೇಕಿತ್ತು?" ಎಂದಳು ಆರ್ಡಿತ್. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮರ್ಲ್‌ನ ಹಾಸಿಗೆಯ ಪಕ್ಕದಲ್ಲೇ ಕುಳಿತು ಫೋನ್ ಮಾಡಿದಳು. ಕಾಯಿರಿ ಎಂದಿತು ಒಂದು ಯಂತ್ರ. ಅದೇ ತುಂಡು ಸಂಗೀತ ಮತ್ತೆ ಮತ್ತೆ ಬಂತು. ಒಬ್ಬರು ಇನ್ನೊಬ್ಬರಿಗೆ ದಾಟಿಸಿದರು. ಎಲ್ಲರಿಗೂ ಮರ್ಲ್‌ನ ಹುಟ್ಟಿದ ದಿನಾಂಕ ಮೊದಲಿಂದ ಹೇಳಬೇಕಾಯಿತು. ಎಲ್ಲರಿಗೂ ಥ್ಯಾಂಕ್ಸ್ ಹೇಳಿದಳು. ನಡುವೆ ಕರೆ ಕಡಿಯಿತು. ಫರ್ನ್ ಬೈದುಕೊಳ್ಳುತ್ತ ಸಿಗರೇಟು ಸೇದಲು ಹೊರಗೆ ಹೋದಳು. ಆರ್ಡಿತ್ ಮತ್ತೆ ಅದೇ ಸಂಖ್ಯೆ ಒತ್ತಿ, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಮಧ್ಯಾಹ್ನ ಹತ್ತಿರವಾಗುತ್ತಿದ್ದಾಗ ಸರಿಯಾದ ಹೆಂಗಸು ಸಿಕ್ಕಳು.

"ನಿಮ್ಮ ಹೇಳಿಕೆ ಬರ್ಕೋತಾ ಇದೀನಿ. ನಿಮ್ಮ ಯಜಮಾನರು ಈಗ ಹೇಗಿದ್ದಾರೆ?"

ಮರ್ಲ್ ಮಲಗಿದ್ದಲ್ಲಿಂದಲೇ ಸರಿಯಿದ್ದ ಕೈಯ ಹೆಬ್ಬೆರಳು ಎತ್ತಿ ತೋರಿಸಿದ. ಆರ್ಡಿತ್ ಅದನ್ನು ನೋಡಿದಳು.

"ಚೆನ್ನಾಗಿಲ್ಲ," ಎಂದಳು. "ಒಬ್ಬರೇ ಕಕ್ಕಸಿಗೆ ಹೋಗಕ್ಕಾಗಲ್ಲ. ಮೊನ್ನೆ ಹಾಸಿಗೇಲೇ ಆಗ್ಹೋಯ್ತು. ಯಾರಿಗೂ ಹೇಳ್ಬೇಡ ಅಂದ್ರು. ಪೈಜಾಮ ಕದ್ದುಮುಚ್ಚಿ ಮನೆಗೆ ತಗೊಂಡ್ಹೋಗಿ ಒಗೆದೆ."

"ಬೇಡ, ಆರ್ಡಿ," ಎಂದ ಮರ್ಲ್. ಅವನ ಮುಖ ಕೆಂಪಾಗಿತ್ತು. "ಸಾಕು, ದಮ್ಮಯ್ಯ."

"ಇಷ್ಟೇನಾ?" ಎಂದು ಕೇಳಿದಳು ಆಚೆಯ ಹೆಂಗಸು.

ಆರ್ಡಿತ್ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

"ಇಲ್ಲ, ಇನ್ನೂ ಇದೆ. ಬರ್ಕೊಳ್ಳಿ," ಎಂದಳು.