ಬಾವ ಹತ್ತದ ಲಾರಿ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಮ್ಮ ಬಾವನ ವಿಷಯದಲ್ಲಿ ಹಾಗೆ ನಡೆದುಕೊಂಡರೆ ಈ ಕಾಗದ ಖಾಲಿಯೇ ಉಳಿಯುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಎದ್ದು ಬಂದು ಎದೆಗೆ ಒದೆಯುವುದಾದರೆ ಒದೆಯಲಿ.

ಬಾವ ಅಂದರೆ ನಮ್ಮ ಯಜಮಾನರ ಅಣ್ಣ, ಲಾರಿ ಮೆಕ್ಯಾನಿಕ್. ಜನ ಅವರನ್ನು ಕಿವಿಡಾಕ್ಟರು ಅನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಒಳಗೆ ಏನು ಕೆಟ್ಟಿದೆಯೆಂದು ಹೇಳುತ್ತಿದ್ದರು. ಹೇಳಿದ್ದು ಬಹಳ ಸಲ ಸರಿಯೂ ಇರುತ್ತಿತ್ತು. ಅದೇ ಅವರ ತಲೆಗೇರಿದ್ದು. ಇಂಜಿನ್ನಿನ ಮಾತು ಬಿಟ್ಟು ಮನುಷ್ಯರ ಮಾತು ಆ ಕಿವಿಯೊಳಗೆ ಇಳಿದದ್ದನ್ನು ನಾನು ಕಾಣೆ.

ಮಾವನವರು ಹೋದ ಮೇಲೆ ಪಾಲಾಯಿತು. ಶೆಡ್ಡು ಬಾವನಿಗೆ, ಉದ್ದ ಮೂತಿಯ ಹಳೇ ಲಾರಿ ನಮ್ಮವರಿಗೆ. ಬಾವನಿಗೆ ಎರಡೂ ಬೇಕಿತ್ತು. ಅಂಗಳದಲ್ಲಿ ನಿಂತು, "ಇನ್ನು ಈ ಗಾಡಿಯೊಳಗೆ ಕಾಲಿಟ್ಟರೆ ನಾನು ಅಪ್ಪನಿಗೆ ಹುಟ್ಟಿದವನೇ ಅಲ್ಲ" ಅಂದರು.

ಅತ್ತೆ ಅಲ್ಲೇ ಕೂತಿದ್ದರು. "ಆ ವಿಷಯ ನನಗೆ ಗೊತ್ತು, ಅದಕ್ಕೆ ನೀನು ಆಣೆ ಹಾಕಬೇಡ" ಅಂದರು.

ಹಾಗಂತ ಬಾವ ಲಾರಿಯನ್ನು ಬೇರೆಯವರ ಕೈಗೂ ಬಿಡಲಿಲ್ಲ. ಅಪ್ಪನ ಗಾಡಿಗೆ ಕಂಡವರೆಲ್ಲ ಸ್ಪ್ಯಾನರ್ ಹಾಕಬಾರದಂತೆ. ರಿಪೇರಿಯ ಚಂದವನ್ನು ನೋಡಿಯೇ ತಿಳಿಯಬೇಕಿತ್ತು. ನಮ್ಮವರು ಒಳಗೆ ಕೂತು ಸ್ಟಾರ್ಟ್ ಮಾಡಬೇಕು, ಬಾವ ಹೊರಗಿನಿಂದ ಬಾನೆಟ್ಟಿನೊಳಗೆ ತಲೆ ತೂರಿಸಬೇಕು. "ಒತ್ತು", "ಬಿಡು" ಬಿಟ್ಟರೆ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಓಡಿಸಿ ನೋಡುವ ಪ್ರಶ್ನೆಯೇ ಇಲ್ಲ.

ಆ ವರ್ಷ ಲಾರಿ ಏರಿನಲ್ಲಿ ಮುಗ್ಗರಿಸತೊಡಗಿತು. ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ. ಲೋಡು ಹೊತ್ತು ಗುಡ್ಡ ಹತ್ತುವಾಗ ಮಾತ್ರ ಗೂರಲು ರೋಗಿಯ ಹಾಗೆ ಗೊರಗುಟ್ಟಿ, ಕಪ್ಪು ಹೊಗೆ ಕಾರಿ, ಎಳೆಯುವುದನ್ನೇ ಬಿಡುತ್ತಿತ್ತು. ಬಾವ ಡೀಸೆಲ್ ಪಂಪು ಬಿಚ್ಚಿ ಕೂರಿಸಿದರು, ನಾಜಲ್ ಬದಲಿಸಿದರು, ಏರ್ ಫಿಲ್ಟರ್ ತೊಳೆದರು. ಕೊನೆಗೆ ಸ್ಕ್ರೂಡ್ರೈವರ್ ಕಿವಿಗಿಟ್ಟು, "ಇಂಜಿನ್ ಗಡಿಯಾರದ ಹಾಗಿದೆ. ಕೆಟ್ಟಿರೋದು ಓಡಿಸೋನು" ಅಂದರು.

ನಮ್ಮವರೂ ಕೆಡುತ್ತಿದ್ದರು, ಅದು ಸುಳ್ಳಲ್ಲ. ಮನೆಗೆ ಬಂದವರೇ ತಲೆ ಹಿಡಿದುಕೊಂಡು ಗೋಡೆಗೆ ಒರಗುವರು. ಅನ್ನ ಸೇರದು, ಸೇರಿದರೆ ವಾಂತಿ. ಒಂದು ದಿನ ಹಾಡಹಗಲೇ ಗುಡ್ಡದ ತಿರುವಿನಲ್ಲಿ ತೂಕಡಿಸಿಬಿಟ್ಟರು. ಮುಂದಿನ ಚಕ್ರ ರಸ್ತೆಯಂಚು ದಾಟಿ ಹೋಗಿತ್ತು. ಒಂದು ಬಂಡೆ ತಡೆಯಿತು, ನಾನು ಅಂದೇ ವಿಧವೆಯಾಗುವುದು ತಪ್ಪಿತು.

ಬಾವ ಏನು ಮಾಡಿದರು? ಚಹಾ ಅಂಗಡಿಯಲ್ಲಿ, ಲೋಡು ಕೊಡುವ ಸಾಹುಕಾರರ ಎದುರಿಗೇ, "ನನ್ನ ತಮ್ಮ ಹಗಲಲ್ಲೇ ಕುಡಿದು ಓಡಿಸ್ತಾನೆ" ಅಂದರು. ಆ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಮನುಷ್ಯ ನಮ್ಮವರು! ಸಾಹುಕಾರರು ಕರೆಸಿ, "ಇನ್ನೊಂದು ಸಲ ಹೀಗಾದ್ರೆ ಲೋಡು ಬೇರೆಯವರಿಗೆ" ಅಂದರು. ಜೀವ ಹೋಗುವ ಮೊದಲೇ ಮಾನ ಹೊರಟು ನಿಂತಿತ್ತು.

ಮುಂದಿನ ಬಾಡಿಗೆಗೆ ನಾನೂ ಲಾರಿ ಹತ್ತಿ ಕೂತೆ. ದೂಳೆಂದು ಗಾಜು ಏರಿಸಿಕೊಂಡಿದ್ದೆವು. ಏರು ಶುರುವಾದದ್ದೇ ತಡ, ಕ್ಲಚ್ ಪೆಡಲಿನ ಬುಡದ ಹರಿದ ರಬ್ಬರಿನಿಂದ ಬಿಸಿ ಹೊಗೆ ಒಳಗೆ ಬಂತು.

"ಏನ್ರೀ ಇದು?"

"ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಹೊಗೆ ಇರತ್ತೆ ಕಣೇ."

ಸ್ವಲ್ಪವಂತೆ! ಬಿಳೀ ಟವೆಲನ್ನು ಆ ಸಂದಿಗೆ ಒತ್ತಿ ಹಿಡಿದೆ. ಗುಡ್ಡದ ತುದಿ ತಲುಪುವಷ್ಟರಲ್ಲಿ ಕಾಡಿಗೆಯ ಹಾಗೆ ಕಪ್ಪಾಗಿತ್ತು. ಅದನ್ನು ಒಯ್ದು ಶೆಡ್ಡಿನಲ್ಲಿ ಬಾವನ ಮುಂದೆ ಹರವಿದೆ.

"ಒಲೆ ಒರೆಸಿದ ಬಟ್ಟೆ ತಂದು ನನಗೆ ತೋರಿಸ್ತೀಯಾ?" ಅಂದರು ಬಾವ.

"ನಿಮ್ಮ ತಮ್ಮ ದಿನಾ ಕುಡಿಯೋದು ಇದನ್ನೇ. ಹತ್ತಿ ನೋಡಿ."

"ನಾನು ಹತ್ತಲ್ಲ ಅಂತ ಗೊತ್ತಿಲ್ವಾ?"

"ಸರಿ, ನಾಳೆ ಗಾಡಿ ಎದುರು ಶೆಡ್ಡಿಗೆ ಹೋಗತ್ತೆ."

ಎದುರು ಶೆಡ್ಡಿನವನು ಬಾವನ ಹತ್ತಿರವೇ ಕೆಲಸ ಕಲಿತು, ಅವರ ಗಿರಾಕಿಗಳನ್ನೇ ಎಳೆದುಕೊಂಡವನು. ಅವನ ಸುದ್ದಿ ಎತ್ತಿದರೆ ಬಾವನಿಗೆ ಅಂಗಾಲಿನಿಂದ ಉರಿ ಏರುತ್ತಿತ್ತು. ನನ್ನ ಹಿಂದೆಯೇ ಬಂದು ನಿಂತಿದ್ದ ತಮ್ಮನ ಕಡೆ ತಿರುಗಿ, "ನಿನ್ನ ಹೆಂಡ್ತಿಗೆ ಬಾಯಿ ಜಾಸ್ತಿಯಾಯ್ತು" ಅಂದರು.

ಎಂದೂ ಎದುರಾಡದ ನಮ್ಮವರು, "ನಿನಗೆ ಕಿವಿ ಕಮ್ಮಿಯಾಯ್ತಲ್ಲ ಅಣ್ಣ, ಅದಕ್ಕೆ" ಅಂದರು.

ಮರುದಿನ ಲೋಡು ತುಂಬಿದ ಮೇಲೆ ಬಾವ ಮೆಟ್ಟಿಲ ಮೇಲೆ ಮೊಣಕಾಲೂರಿ ಹತ್ತಿ, ಪಾದ ನೆಲಕ್ಕೆ ತಾಗದ ಹಾಗೆ ಸೀಟಿನ ಮೇಲೆ ಚಕ್ಕಂಬಟ್ಟಲೆ ಹಾಕಿಕೊಂಡು ಕೂತರು. ಆಣೆ ಉಳಿಸಿಕೊಂಡರಂತೆ! ಬಾಗಿಲ ಪಕ್ಕ ನಾನು. ಗಾಜು ಏರಿಸಿದೆ. ಅರ್ಧ ಏರಿನಲ್ಲಿ ಇಂಜಿನ್ ಗೊರಗುಟ್ಟಿತು, ಹೊಗೆ ಬಂತು, ಬಾವ ಕೆಮ್ಮತೊಡಗಿದರು.

"ಗಾಜು ಇಳಿಸು."

"ಇರಿ ಬಾವ, ಇನ್ನೂ ಅರ್ಧ ಏರು ಇದೆ."

"ಇಳಿಸೇ ಅಂದೆ! ತಲೆ ಸುತ್ತುತ್ತಿದೆ."

"ಯಾಕೆ, ಬೆಳಗ್ಗೆ ಬೆಳಗ್ಗೇನೇ ಕುಡಿದ್ರಾ?"

ನನ್ನ ತಲೆಯೂ ಸಿಡಿಯುತ್ತಿತ್ತು. ಆದರೂ ಕೈ ಹಿಡಿಕೆಯ ಮೇಲೆ ಬಿಗಿಯಾಗಿಯೇ ಇತ್ತು. ನಮ್ಮವರು ಲಾರಿ ನಿಲ್ಲಿಸದೆ ಇದ್ದಿದ್ದರೆ ನಾನು ಬಿಡುತ್ತಿರಲಿಲ್ಲ.

ಬಾವ ಇಳಿದು ರಸ್ತೆಬದಿಯಲ್ಲಿ ವಾಂತಿ ಮಾಡಿಕೊಂಡರು. ಬಾಯಿ ಒರೆಸಿಕೊಂಡು, ಚಕ್ರಕ್ಕೆ ಕಲ್ಲು ಕೊಟ್ಟು, ಲಾರಿಯ ಅಡಿಗೆ ನುಸುಳಿದರು. ಸೈಲೆನ್ಸರನ್ನು ಸ್ಪ್ಯಾನರಿನಿಂದ ತಟ್ಟಿದಾಗ ಒಳಗೆ ತಗಡು ಗಲಗಲ ಅಂದಿತು. ಆಮೇಲೆ ಶೆಡ್ಡಿನಲ್ಲಿ ಅದನ್ನು ಕೊಯ್ದು ನೋಡಿದರು. ಒಳಗಿನ ತಗಡು ತುಕ್ಕು ತಿಂದು ಕಳಚಿಕೊಂಡಿತ್ತು. ಸಮ ನೆಲದಲ್ಲಿ ತೆಪ್ಪಗೆ ಮಲಗಿರುತ್ತಿತ್ತು. ಏರಿನಲ್ಲಿ ಹಿಂದಕ್ಕೆ ಜಾರಿ ಹೊಗೆ ಹೋಗುವ ಬಾಯಿಗೇ ಅಡ್ಡ ಕೂರುತ್ತಿತ್ತು. ದಾರಿ ಸಿಗದ ಹೊಗೆ ಹಿಂದಿರುಗಿ ಇಂಜಿನ್ನಿನ ಉಸಿರು ಕಟ್ಟಿಸುತ್ತಿತ್ತು, ಕ್ಯಾಬಿನ್ ಅಡಿಯ ಸಡಿಲ ಪೈಪಿನಿಂದ ನಮ್ಮವರ ಮೂಗಿಗೆ ನುಗ್ಗುತ್ತಿತ್ತು. ಶೆಡ್ಡಿನಲ್ಲಿ ನಿಂತ ಲಾರಿಗೆ ಕಿವಿಯಿಟ್ಟರೆ ಅದು ಕೇಳಿಸುವುದು ಎಲ್ಲಿಂದ?

ಹೊಸ ಸೈಲೆನ್ಸರ್ ಬಂತು, ಪೈಪಿಗೆ ಹೊಸ ಪ್ಯಾಕಿಂಗ್, ಪೆಡಲಿಗೆ ಹೊಸ ರಬ್ಬರ್. ತಮ್ಮ ಕುಡುಕ ಅಂದ ಮಾತನ್ನು ಮಾತ್ರ ಬಾವ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಬಿಡಬೇಕಲ್ಲ. "ಆಡಿದ ಜಾಗದಲ್ಲೇ ನುಂಗಿ" ಅಂದು ಅವರ ಹಿಂದೆಯೇ ಚಹಾ ಅಂಗಡಿಗೆ ಹೋಗಿ ನಿಂತೆ. ಬಾವ ನನ್ನ ಕಡೆ ನೋಡದೆ ಸಾಹುಕಾರರಿಗೆ ಹೇಳಿದರು: "ಅವನು ಕುಡಿದಿರಲಿಲ್ಲ. ಸೈಲೆನ್ಸರ್ ಕಟ್ಟಿತ್ತು."

"ಕುಡೀತಾನೆ ಅಂದೋರು ನೀವೇ ಅಲ್ವಾ?"

"ಅಂದೆ. ಈಗ ಇಲ್ಲ ಅಂತಿದೀನಿ. ಕೇಳಿಸ್ತಾ?"

ಲೋಡು ಉಳಿಯಿತು. ನಮ್ಮವರು ಕೈ ನಡುಗುವ ವಯಸ್ಸಿನವರೆಗೂ ಆ ಲಾರಿ ಓಡಿಸಿ, ಕೊನೆಗೆ ತಮ್ಮ ಹಾಸಿಗೆಯ ಮೇಲೆ, ನನ್ನ ಕೈಯಿಂದ ನೀರು ಕುಡಿದು ಕಣ್ಣು ಮುಚ್ಚಿದರು. ಅಂದು ಬಾವ ಬಂದು ಹೊಸ್ತಿಲಾಚೆ ಬಹಳ ಹೊತ್ತು ನಿಂತಿದ್ದರು. ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ.