ಮೂಲಂಗಿ ಕೆತ್ತಿ ಕಲಿತ ಲೇತ್ ಉಳಿ

ನಿವೃತ್ತಿಯಾದ ಮೇಲೆ ನಾನು ಕೊಂಡ ಮೊದಲ ವಸ್ತು ಒಂದು ಪುಟ್ಟ ಲೇತ್. ಇಷ್ಟು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ತಿರುವಿದ ಹೆಂಗಸಿಗೆ ಲೋಹ ಕಡೆಯುವ ಹುಚ್ಚು ಹೇಗೆ ಹಿಡಿಯಿತೆಂದು ಚಾಮರಾಜಪೇಟೆಯ ನಮ್ಮ ಬೀದಿಯೇ ಕೇಳಿತು. ವಿಡಿಯೊಗಳನ್ನು ನೋಡಿ ಹಿಡಿಯಿತು ಎಂದರೆ ಯಾರೂ ನಂಬಲಿಲ್ಲ. ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಲೇತ್ ಕೂತಿತು. ಗಂಡನ ಸ್ಕೂಟರ್ ಬೀದಿಪಾಲಾಯಿತು.

ಎದುರುಮನೆಯಾಕೆ ದೋಸೆಹಿಟ್ಟು ಮಾರುತ್ತಾರೆ. ಅವರ ಹಳೆಯ ಗ್ರೈಂಡರಿನಲ್ಲಿ ಕಂಬಿ ತಿರುಗುವ, ಬಳೆಯಂಥ ಹಿತ್ತಾಳೆಯ ಬುಷ್ ಸವೆದು, ಕಲ್ಲು ವಾಲತೊಡಗಿತು. ಆ ಮಾದರಿಯ ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ.

"ನಿಮ್ ಮಿಷಿನ್‌ನಲ್ಲಿ ಆಗುತ್ತೇನ್ರೀ?"

"ಯಾಕಾಗಲ್ಲ, ಕೊಡಿ" ಅಂದುಬಿಟ್ಟೆ.

ಬುಷ್ಷಿನ ಹೊರಮೈ ಸುಲಭವಾಗಿ ಆಯಿತು. ಒಳಗಿನ ತೂತನ್ನು ಕಡೆಯಲು ಹೋದರೆ ನನ್ನಲ್ಲಿದ್ದ ಉಳಿ ತೂತಿಗಿಂತ ದಪ್ಪ. ಕಾಟನ್‌ಪೇಟೆಯ ಸಂದಿಯೊಂದರಲ್ಲಿ ಲೇತ್ ಅಂಗಡಿ ಇಟ್ಟಿರುವ ಹಿರಿಯರ ಹತ್ತಿರ ಓಡಿ ಎಲ್ಲ ಹೇಳಿದೆ.

"ಅಷ್ಟ್ ಸಣ್ಣದು ಹುಡುಕ್ತಾ ಕೂತ್ರೆ ಆ ಯಮ್ಮ ಹಿಟ್ಟು ರುಬ್ದಂಗೇನೇ. ನೀವೇ ಮಾಡ್ಕೊಳ್ಳಿ" ಎಂದು ನಕ್ಕು, ಹಳೆ ಬೈಕಿನ ಚಕ್ರದ ಆಕ್ಸಲ್ ತುಂಡನ್ನೂ ಉಗುರಿನಷ್ಟು ಸಣ್ಣದೊಂದು ಗಟ್ಟಿ ಉಕ್ಕಿನ ಚೂರನ್ನೂ ಕೈಗಿತ್ತರು.

ಆಕ್ಸಲನ್ನು ಕಡೆದು ತೆಳ್ಳಗೆ ಮಾಡಿದೆ. ತುದಿಗೆ ಅಡ್ಡ ತೂತು ಕೊರೆದು, ಉಕ್ಕಿಗೆ ಸಾಣೆ ಹಿಡಿದು ಕೂರಿಸಿ ತಿರುಪು ಬಿಗಿದೆ. ಜಂಬದಿಂದ ಲೇತ್ ಚಾಲೂ ಮಾಡಿದರೆ ಅದು ಕಿರುಚಿದ ರಭಸಕ್ಕೆ ಬೀದಿನಾಯಿಗಳೆಲ್ಲ ಬೊಗಳಿದವು. ಉಳಿ ಹಿತ್ತಾಳೆಯನ್ನು ಕತ್ತರಿಸಲಿಲ್ಲ, ಸುಮ್ಮನೆ ಉಜ್ಜಿ ಬಿಸಿಯಾಯಿತು.

ಮರುದಿನ ಹಿರಿಯರು ನನ್ನ ಉಳಿಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. ತಮ್ಮ ಮನೆಗೆಂದು ಕೊಂಡಿದ್ದ ತರಕಾರಿ ಚೀಲದಿಂದ ಮೂಲಂಗಿಯೊಂದನ್ನು ಎಳೆದು, ಚಾಕುವಿನಿಂದ ಅದರ ತುದಿ ಕೆತ್ತಿ ತೋರಿಸಿದರು.

"ತುದಿ ಮಾತ್ರ ತಾಗ್ಬೇಕಮ್ಮ. ನೀವು ಉಳಿ ಹೊಟ್ಟೇನೂ ತಾಗಿಸ್ತಿದೀರ. ಕೆಳಗಡೆ ಇನ್ನೂ ಜಾಸ್ತಿ ತೆಗೀರಿ. ಮೊದ್ಲು ಮೂಲಂಗೀಲಿ ಕೈ ಕೂರ್ಲಿ, ಉಕ್ಕು ವೇಸ್ಟ್ ಮಾಡ್ಬೇಡಿ."

ಎರಡು ದಿನ ಮೂಲಂಗಿ ಕೆತ್ತಿದೆ. ಎರಡು ದಿನವೂ ಅದೇ ಸಾರು.

"ಉಕ್ಕಿಗೆ ಯಾವಾಗ ಕೈ ಹಾಕ್ತೀಯ?" ಎಂದರು ಗಂಡ, ತಟ್ಟೆ ನೋಡುತ್ತ.

ಮೂರನೆಯ ದಿನ ಸಾಣೆಗಲ್ಲಿಗೆ ಉಕ್ಕು ಹಿಡಿದು, ಉಳಿಯನ್ನು ಮತ್ತೆ ಲೇತಿಗೆ ಕಟ್ಟಿದೆ. ಈ ಸಲ ಕಿರುಚಾಟವಿಲ್ಲ; ಸರ್ ಎನ್ನುವ ಸಣ್ಣ ಸದ್ದು, ಬಂಗಾರದಂಥ ಹುಡಿ ಉದುರಿತು. ನನಗೆ ಕುಣಿಯುವಷ್ಟು ಖುಷಿ. ಆ ಖುಷಿಯಲ್ಲೇ ಲೇತಿನ ಹಿಡಿಯನ್ನು ಚೂರು ಜಾಸ್ತಿ ತಿರುಗಿಸಿದ್ದಕ್ಕೆ ತೂತು ಕೂದಲೆಳೆಯಷ್ಟು ದೊಡ್ಡದಾಗಿ, ಬುಷ್ ಹಾಳಾಯಿತು. ಅಳು ಬಂದಿತು. ಕಾಫಿ ಕುಡಿದು ಇನ್ನೊಂದು ಹಿತ್ತಾಳೆ ತುಂಡು ಕಟ್ಟಿದೆ. ಪ್ರತಿ ಸುತ್ತಿಗೂ ಅಳತೆ ನೋಡಿದೆ. ಸಂಜೆಗೆ ಗ್ರೈಂಡರಿನ ಕಂಬಿ ಹೆಬ್ಬೆರಳಿನ ಒತ್ತಡಕ್ಕೆ ನಯವಾಗಿ ಒಳಗಿಳಿಯಿತು.

ಎದುರುಮನೆಯಾಕೆ ಓಡುತ್ತಿರುವ ಗ್ರೈಂಡರಿಗೆ ಕಿವಿಯಿಟ್ಟು, "ಅಲುಗಾಟಾನೇ ಇಲ್ವಲ್ರೀ!" ಎಂದು ನನ್ನ ಕೈ ಹಿಡಿದುಕೊಂಡರು, ಹಿಟ್ಟಿನ ಕೈಯಲ್ಲೇ.

ಉಳಿಯನ್ನು ಹಿರಿಯರಿಗೆ ತೋರಿಸಲು ಹೋದೆ. ಬೆರಳಲ್ಲಿ ಹೊರಳಿಸಿ ಹೊರಳಿಸಿ ನೋಡಿದರು. ಹೊಗಳಲಿಲ್ಲ.

"ಎರಡ್ ದಿನ ಇಲ್ಲೇ ಇರ್ಲಿ ಬಿಡಿ. ನಂಗೂ ಒಂದು ಸಣ್ಣ ತೂತಿನ ಕೆಲ್ಸ ಇದೆ" ಎಂದು ತಮ್ಮ ಡ್ರಾಯರಿಗೆ ಹಾಕಿಕೊಂಡರು.

ತಿಂಗಳಾಯಿತು. ಕೇಳಲು ಮನಸ್ಸಾಗದೆ ನಾನು ಇನ್ನೊಂದು ಮಾಡಿಕೊಂಡಿದ್ದೇನೆ.